ತಾತನ ಕಿವಿ ಮಿಷನ್ನು

16 ಜುಲೈ, ಬುಧವಾರ. ಸೇಲಂ.

ಇವತ್ತೆಲ್ಲ ಒಂದೇ ಟೆನ್ಷನ್: ನಮ್ಮ ವಾರ್ಡಿನ ಅಣ್ಣಯ್ಯಪ್ಪ ತಾತನ ಕಿವಿ ಮಿಷನ್ ಕೆಟ್ಟುಹೋದರೆ? ತಾತನ ರಕ್ತದಲ್ಲಿ ಸೋಂಕು ತಡೆಯುವ ಶಕ್ತಿಯೇ ಇಲ್ಲ. ಇನ್ನು ಒಂದು ತಿಂಗಳು ಆಸ್ಪತ್ರೆಯ ಗಾಜಿನ ರೂಮಿನಲ್ಲಿ ಒಬ್ಬರೇ ಇರಬೇಕು. ಒಳಗೆ ಹೋಗುವ ವಸ್ತುವಿನಲ್ಲಿ ಒಂದು ಕ್ರಿಮಿಯೂ ಇರಬಾರದು, ಆದರೆ ಮಿಷನ್ನನ್ನು ಕುದಿಸುವಂತಿಲ್ಲ, ತೊಳೆಯುವಂತಿಲ್ಲ. ಅದನ್ನು ಹೊರಗೇ ಬಿಟ್ಟು ಹೋಗಲಿ ಎಂದರು ಎಲ್ಲರೂ. ರೂಮಿನ ಜೊತೆ ಅದನ್ನೂ ಕ್ರಿಮಿ ಕೊಲ್ಲುವ ಔಷಧಿಯ ಆವಿಗೆ ಇಡೋಣ ಎಂದು ಬಾಯಿಬಿಟ್ಟವಳು ಫಸ್ಟ್ ಇಯರ್ ನರ್ಸಿಂಗ್ ಹುಡುಗಿ ನಾನು!

ಟೆಕ್ನಿಷಿಯನ್ ರಾಜಕುಮಾರ್ ಅಣ್ಣ ನಕ್ಕರು. "ಸರಿಮ್ಮಾ, ಸೆಲ್ ತೆಗ್ದು ಇಡು. ಕೆಟ್ಟೋದ್ರೆ ನಿನ್ ಕಿವೀನೇ ಕೊಡ್ಬೇಕು, ಆಯ್ತಾ?"

ಬಾಗಿಲ ಸಂದಿಗೆಲ್ಲ ಟೇಪ್ ಹಚ್ಚಿ ಹೈಡ್ರೋಜನ್ ಪೆರಾಕ್ಸೈಡ್ ಆವಿ ಬಿಟ್ಟರು. ಗಾಜಿನಾಚೆ ಏನೂ ಕಾಣಲಿಲ್ಲ. ಆದರೂ ಅದು ಮಂಚದಡಿ, ಸ್ವಿಚ್ಚಿನ ಸಂದಿ, ಆ ಪುಟ್ಟ ಮಿಷನ್ನಿನ ಮೂಲೆಮೂಲೆಗೂ ಹೋಗಿ, ಕಣ್ಣಿಗೆ ಕಾಣದ ಜೀವಗಳನ್ನು ಕೊಂದು, ಕೊನೆಗೆ ತಾನೂ ಬರೀ ನೀರು, ಗಾಳಿಯಾಗಿ ಇಲ್ಲವಾಯಿತು. ಮೈ ಜುಂ ಎಂದಿತು. ಪುಸ್ತಕದಲ್ಲಿ ಇದು ಎರಡು ಮಾರ್ಕಿನ ಪ್ರಶ್ನೆ, ಅಷ್ಟೆ.

ಸಂಜೆ ತಾತ ಒಳಗೆ ಹೋಗಿ ಮಿಷನ್ ಹಾಕಿಕೊಂಡರು. ನಾನು ಹೊರಗಿನಿಂದ ಮೈಕಿನಲ್ಲಿ, ಹಳೇ ಅಭ್ಯಾಸದಂತೆ, "ತಾತಾ, ಕೇಳಿಸ್ತದಾ?" ಎಂದು ಕಿರುಚಿದೆ.

ತಾತ ಕಿವಿ ಮುಚ್ಚಿಕೊಂಡರು.

"ಯಾಕವ್ವಾ ಇಂಗ್ ಕೂಗ್ತೀಯಾ? ನಾನೇನ್ ಗುಡ್ಡದ್ ಮ್ಯಾಲಿನ್ ಕುರಿಯಾ?"