ಬ್ರಶ್ಶಿನ ತುದಿ

ಮಾರ್ಚ್ 4, ಬೆಳಿಗ್ಗೆ

ಹೆರಿಗೆ ರಜೆ ಮುಗಿದು ತಿಂಗಳಾಯಿತು, ಕೈ ಏನೂ ಮರೆತಿಲ್ಲ. ನಿನ್ನೆ ಕಾರ್ಖಾನೆಗೆ ಹೊಸ ಕೆಂಪು ಬಣ್ಣ ಬಂತು. ಪಿಂಗಾಣಿ ತಟ್ಟೆಯ ಅಂಚಿಗೆ ಕೂದಲೆಳೆಯಷ್ಟು ಗೆರೆ — ಒಂದೇ ಉಸಿರಿಗೆ! ಮೇಸ್ತ್ರಿ ತಲೆದೂಗಿದ. ಆ ಮನುಷ್ಯ ತಲೆದೂಗುವುದೆಂದರೆ ಸಾಮಾನ್ಯವೇ?

ಬಣ್ಣದ ಕೆಲಸದ ತಾಯಂದಿರ ಎದೆಹಾಲನ್ನು ಕ್ಲಿನಿಕ್‌ನವರು ಪರೀಕ್ಷೆ ಮಾಡುತ್ತಾರಂತೆ. ಕೊಟ್ಟು ಬಂದೆ. ನಮ್ಮದು ಅಪ್ಪಟ ಹಾಲು ಎಂದು ಜಂಬ ಬೇರೆ.

ಮಾರ್ಚ್ 15

ಹಾಲಿನಲ್ಲಿ ಸೀಸ. ನನ್ನ ಹಾಲಿನಲ್ಲಿ...

ಪುಟ್ಟಿಯ ರಕ್ತವನ್ನೂ ಪರೀಕ್ಷಿಸಿದರು, ಅದರಲ್ಲೂ ಸ್ವಲ್ಪ ಇದೆ. ಮಕ್ಕಳ ಮಿದುಳಿಗೆ ಅದು ಕೆಟ್ಟದ್ದಂತೆ. ಡಾಕ್ಟರಮ್ಮ ಬೈಯಲಿಲ್ಲ, ಕೈ ಹಿಡಿದುಕೊಂಡು ಹೇಳಿದರು.

"ಹಾಲು ಈಗ್ಲೇ ಬಿಡಿಸ್ಬೇಡಮ್ಮ, ಅದ್ರಿಂದ ಮಗೂಗೆ ಒಳ್ಳೇದೇ ಜಾಸ್ತಿ. ಸೀಸ ಎಲ್ಲಿಂದ ಬರ್ತಿದೆ ಅಂತ ಹುಡುಕು, ಅಲ್ಲೀವರ್ಗೂ ಬಣ್ಣದಿಂದ ದೂರ ಇರು. ಮುಂದಿನ ಸಲ ಏರಿದ್ರೆ ಮಾತ್ರ ನಿಲ್ಲಿಸ್ಲೇಬೇಕಾಗುತ್ತೆ."

ಎಲ್ಲಿಂದ? ಬಣ್ಣದಲ್ಲಿ ಸೀಸವಿದೆ ನಿಜ, ಆದರೆ ಕೈಗೆ ಗ್ಲೌಸ್, ಮೂಗಿಗೆ ಮಾಸ್ಕ್. ನಲ್ಲಿ ನೀರೂ ಸರಿಯಿದೆಯಂತೆ. ಅತ್ತೆ ಪಾತ್ರೆಗಳ ಮೇಲೆಲ್ಲ ಅನುಮಾನಪಟ್ಟು ಹೊರಗೆ ಹಾಕಿದ್ದಾರೆ. ಟೀ ಕುಡಿಯಲು ಒಂದು ಲೋಟವಿಲ್ಲ.

ಮಾರ್ಚ್ 16, ಊಟದ ಬಿಡುವು

ಸಿಕ್ಕಿತು! ಸಿಕ್ಕೇಬಿಟ್ಟಿತು!

ಬಣ್ಣದಿಂದ ದೂರವಿರು ಎಂದು ಡಾಕ್ಟರಮ್ಮ ಹೇಳಿದ್ದರಲ್ಲ, ಪ್ಯಾಕಿಂಗ್ ಮೇಜಿಗೆ ಹಾಕಿಸಿಕೊಂಡೆ. ನಮ್ಮವರನ್ನು ದೂರದಿಂದ ನೋಡಿದ್ದು ಇದೇ ಮೊದಲು. ನನ್ನ ಪಕ್ಕದ ಸೀಟಿನ ಅಕ್ಕ ಗೆರೆ ಎಳೆದಳು, ಮಾಸ್ಕ್ ಇಳಿಸಿ ಬ್ರಶ್ಶನ್ನು ತುಟಿಗಿಟ್ಟು ತುದಿ ಚೂಪು ಮಾಡಿದಳು, ಮತ್ತೆ ಬಣ್ಣಕ್ಕೆ ಅದ್ದಿದಳು. ಆಚೆಯವಳೂ ಹಾಗೇ. ಸಾಲಿಗೆ ಸಾಲೇ ಬಣ್ಣ ನೆಕ್ಕುತ್ತಿದೆ! ನಾವೆಲ್ಲ ಕೆಲಸ ಕಲಿತದ್ದೇ ಹಾಗೆ.

ಓಡಿಹೋಗಿ ಅಕ್ಕನ ಕೈಯಿಂದ ಬ್ರಶ್ ಕಿತ್ತುಕೊಂಡೆ. ಏನೇ ಬಂತು ನಿನಗೆ ಎಂದು ರೇಗಿದಳು. ಹೇಳಿದೆ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಅವಳೀಗ ನಾಲ್ಕು ತಿಂಗಳ ಬಸುರಿ.

ಮಾರ್ಚ್ 18

ತುಟಿಯ ಬದಲು ಒದ್ದೆ ಸ್ಪಂಜಿಗೆ ಒತ್ತಿದರೆ ತುದಿ ಚೂಪಾಗಿ ನಿಲ್ಲುವುದಿಲ್ಲ ಎಂದು ಮೇಸ್ತ್ರಿ ಹಟ ಹಿಡಿದ. ಬಣ್ಣ ಮುಟ್ಟದೆ ಬರೀ ಮಣ್ಣುನೀರಿನಲ್ಲಿ ಬ್ರಶ್ ಅದ್ದಿ, ಸ್ಪಂಜಿಗೆ ಒತ್ತಿ ಗೆರೆ ಎಳೆದು ತೋರಿಸಿದೆ. ನಿಂತಿತು! ಈಗ ಸೀಟಿಗೊಂದು ಸ್ಪಂಜು. ಸೀಸವಿಲ್ಲದ ಬಣ್ಣ ತರಿಸುತ್ತಾರಂತೆ, ಅಲ್ಲಿಯವರೆಗೆ ಅಕ್ಕನೂ ನನ್ನ ಜೊತೆ ಪ್ಯಾಕಿಂಗಿಗೆ. ಹರಟೆಗೆ ಜನ ಸಿಕ್ಕಂತಾಯಿತು.

ಮೇ 9, ಸಂಜೆ

ಇಳಿದಿದೆ! ಹಾಲಿನಲ್ಲೂ, ಪುಟ್ಟಿಯ ರಕ್ತದಲ್ಲೂ!

ಡಾಕ್ಟರಮ್ಮನೇ ಫೋನ್ ಮಾಡಿದರು. "ಧೈರ್ಯವಾಗಿ ಕುಡಿಸಮ್ಮ." ಇನ್ನೊಮ್ಮೆ ಹೇಳಿ ಎಂದೆ. ಹೇಳಿದರು. ಸ್ಪೀಕರ್ ಹಾಕಿ ಅತ್ತೆಗೂ ಹೇಳಿಸಿದೆ. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.

ಇಷ್ಟು ದಿನ ಕುಡಿಸುವಾಗಲೆಲ್ಲ ಅವಳ ಮುಖ ನೋಡಲು ಹೆದರಿಕೆ. ಗೋಡೆ ನೋಡುತ್ತಿದ್ದೆ. ಇವತ್ತು ಕಣ್ತುಂಬ ನೋಡುತ್ತಾ — ಅಗೋ, ಎದ್ದಳು. ಬಂದೆ ಕಣೇ, ಬಂದೆ, ನಿನ್ನ ಹಾಲು ಎಲ್ಲಿಗೂ —