ನಮ್ಮ ಮೇಲೆ ಗೋಲು ಹೊಡೆದವನನ್ನೇ ಆರಿಸುವ ಜನರಲ್ ಮ್ಯಾನೇಜರ್ ಸಾಹೇಬರಿಗೆ

ಮಾನ್ಯ ಜನರಲ್ ಮ್ಯಾನೇಜರ್ ಸಾಹೇಬರೇ,

ನಮ್ಮ ಗೋಲ್‌ಕೀಪರ್ ದೇವಸಹಾಯಂ ಅವರನ್ನು ಕೈಬಿಟ್ಟಿದ್ದೀರಿ. ಕೂವಂ ರೋವರ್ಸ್ ತಂಡ ಮುಂದಿನ ಸೀಸನ್ನಿಗೆ ಉಳಿಸಿಕೊಳ್ಳುವ ಆಟಗಾರರ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಶನಿವಾರ ಸಂಜೆಯವರೆಗೆ ಆ ಪಟ್ಟಿಯನ್ನು ತಿದ್ದಬಹುದೆಂದು ಲೀಗಿನ ನಿಯಮವಿದೆ. ತಿದ್ದಿ ಎಂದು ಕೇಳುವುದಕ್ಕೆ ಈ ಪತ್ರ. ಮುಂದೆ ಓದಲು ತಮಗೆ ಪುರುಸೊತ್ತಿಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಿ ತಿದ್ದಿಬಿಡಿ, ನನಗೇನೂ ಬೇಸರವಿಲ್ಲ.

ಚೆನ್ನೈ ತಂಡದ ಮ್ಯಾನೇಜರಿಗೆ ಕನ್ನಡದಲ್ಲಿ ಬರೆಯುವುದೇಕೆ ಎಂದು ಓದುಗರು ಕೇಳಬಹುದು. ತಮಗೆ ಇಂಗ್ಲಿಷಿನಲ್ಲಿ ಬರೆದಾಗಲೆಲ್ಲ, ಕಳುಹಿಸು ಗುಂಡಿ ಒತ್ತಿ ಬೆರಳು ತೆಗೆಯುವ ಮೊದಲೇ, 'ನಿಮ್ಮ ಅಭಿಮಾನವೇ ನಮ್ಮ ಶಕ್ತಿ' ಎಂಬ ಉತ್ತರ ಬಂದು ಬಿದ್ದಿದೆ. ತಾವು ಬೆಂಗಳೂರಿನವರು, ವಾರದ ಕೊನೆಗೆ ಊರಿಗೆ ಹೋಗುತ್ತೀರಿ, ಮನೆಯಲ್ಲಿ ಈ ಪತ್ರಿಕೆ ತರಿಸುತ್ತೀರಿ ಎಂದು ಕೇಳಿದ್ದೇನೆ. ಕಾಫಿಯ ಜೊತೆ ಕೈಗೆ ಸಿಕ್ಕುವ ಕನ್ನಡಕ್ಕಾದರೂ ಯಂತ್ರ ಉತ್ತರ ಕೊಡಲಾರದು.

ನನ್ನ ಪರಿಚಯ ಚಿಕ್ಕದು. ಗದಗದ ಕಡೆಯವನು. ವೇಲಚೇರಿಯಲ್ಲಿ ನೀರಿನ ಪಂಪು, ಪೈಪುಗಳ ಅಂಗಡಿ ಇಟ್ಟಿದ್ದೇನೆ. ಮೀಸೆ ಮೂಡುವ ವಯಸ್ಸಿನಲ್ಲಿ ಈ ಊರಿಗೆ ಬಂದು ತಮಿಳಿನಲ್ಲಿ ಚೌಕಾಸಿ ಮಾಡುವುದನ್ನು ಕಲಿತೆ. ಬೈಗುಳವನ್ನು ಮಾತ್ರ ಕನ್ನಡದಲ್ಲೇ ಉಳಿಸಿಕೊಂಡಿದ್ದೇನೆ. ನಮ್ಮ ತಂಡ ಹುಟ್ಟಿದಾಗಿನಿಂದ ಪೂರ್ವ ಗ್ಯಾಲರಿಯಲ್ಲಿ ಕೂರುತ್ತಿದ್ದೇನೆ. ತಂಡಕ್ಕೆ ಊರ ಕೊಳಚೆಯೆಲ್ಲ ಹರಿಯುವ ಕೂವಂ ನದಿಯ ಹೆಸರಿಟ್ಟವರು ಯಾರೋ ನನಗೆ ತಿಳಿಯದು. ಹೊರಗಿನಿಂದ ಬಂದ ಅಭಿಮಾನಿಗಳು ನಮ್ಮನ್ನು ಕಂಡ ಕೂಡಲೇ ಮೂಗು ಮುಚ್ಚಿಕೊಳ್ಳುತ್ತಾರೆ. ಅದಕ್ಕೂ ಒಗ್ಗಿಕೊಂಡೆವು. ಸೋಲಿಗೆ ಕೂಡ ಒಗ್ಗಿಕೊಂಡೆವೆಂದೇ ಅಂದುಕೊಂಡಿದ್ದೆ. 'ಸೋಲೂದು ನೋಡಾಕ ಅಷ್ಟು ದೂರ ಯಾಕ್ ಹೋಗ್ತೀರಿ? ಅಂಗಡ್ಯಾಗ ಕುಂತ್ರ ಸಾಲೂದಿಲ್ಲೇನು?' ಎಂದು ನನ್ನ ಹೆಂಡತಿ ಜಯದೇವಿ ಪ್ರತಿ ಪಂದ್ಯದ ದಿನ ಕೇಳುತ್ತಾಳೆ. ನಾನು ಚಪ್ಪಲಿ ಮೆಟ್ಟಿ ಹೊರಡುತ್ತೇನೆ.

ಫುಟ್‌ಬಾಲ್ ನೋಡದ ಓದುಗರಿಗಾಗಿ ಒಂದು ಮಾತು. ನಮ್ಮ ಲೀಗಿನಲ್ಲಿ ಪ್ರತಿ ತಂಡ ತನಗೆ ಬೇಕಾದ ಕೆಲವರನ್ನು ಉಳಿಸಿಕೊಂಡು ಮಿಕ್ಕವರನ್ನು ಬಿಟ್ಟುಕೊಡಬೇಕು. ಬಿಟ್ಟವರೆಲ್ಲ ಒಂದೆಡೆ ಸೇರುತ್ತಾರೆ. ಆಮೇಲೆ ತಂಡಗಳು ಸರದಿಯಂತೆ ಒಬ್ಬೊಬ್ಬರನ್ನೇ ಹೆಕ್ಕುತ್ತವೆ. ಇದಕ್ಕೆ ಡ್ರಾಫ್ಟ್ ಎಂದು ಹೆಸರು. ಹಿಂದಿನ ವರ್ಷ ಕೊನೆಯ ಸ್ಥಾನದಲ್ಲಿದ್ದ ತಂಡಕ್ಕೆ ಮೊದಲು ಆರಿಸುವ ಅವಕಾಶ. ಬಿದ್ದವನಿಗೆ ಕೈಕೊಟ್ಟು ಎಬ್ಬಿಸುವ ಏರ್ಪಾಡು ಅದು. ತಮ್ಮ ಆಡಳಿತದಲ್ಲಿ ಆ ಅವಕಾಶ ನಮಗೆ ಬಿಟ್ಟೂಬಿಡದೆ ಸಿಕ್ಕಿದೆ. 'ಈ ಬಾರಿಯೂ ಮೊದಲ ಆಯ್ಕೆ ನಮ್ಮದೇ!' ಎಂದು ತಾವು ದೊಡ್ಡ ಬ್ಯಾನರ್ ಕಟ್ಟಿಸಿದ್ದಿರಿ. ಆಸ್ಪತ್ರೆಯಲ್ಲಿ ಕಿಟಕಿ ಪಕ್ಕದ ಹಾಸಿಗೆ ಸಿಕ್ಕಿತೆಂದು ಬಂಧುಬಳಗಕ್ಕೆ ಸಿಹಿ ಹಂಚಿದವರನ್ನು ತಮ್ಮ ಹೊರತು ನಾನು ಕಂಡಿಲ್ಲ.

ಗ್ಯಾಲರಿಯಲ್ಲಿ ನನ್ನ ಪಕ್ಕದ ಕುರ್ಚಿ ವಿಷ್ಣುತೀರ್ಥ ಆಚಾರ್ಯರದು. ನುಂಗಂಬಾಕ್ಕಂನ ಹಳೆಯ ಮನೆಯವರು, ವಿಮಾ ಕಚೇರಿಯಿಂದ ನಿವೃತ್ತರಾದವರು. ಅವರ ಮನೆತನ ಮದರಾಸಿಗೆ ಬಂದು ಎಷ್ಟು ತಲೆಮಾರಾಯಿತೆಂದು ಅವರಿಗೇ ಲೆಕ್ಕವಿಲ್ಲ. ತಾವು ಇದನ್ನು ತಿಳಿಯಲೇಬೇಕು: ಇಡೀ ಪೂರ್ವ ಗ್ಯಾಲರಿಯಲ್ಲಿ ತಮಗಿದ್ದ ಏಕೈಕ ವಕೀಲರು ಅವರು. ನಾವೆಲ್ಲ ತಮ್ಮನ್ನು ಬೈಯುವಾಗ ಅವರು ಟೋಪಿ ಸರಿಮಾಡಿಕೊಂಡು, 'ಹಾಗೆಲ್ಲ ಪೇಸಬಾರದು ಕಣ್ರೀ. ಅವರಿಗೆ ಒಂದು ಪ್ಲಾನ್ ಇದ್ದೇ ಇರುತ್ತೆ. ನಮಗೆ ಪುರಿಯಲ್ಲ, ಅಷ್ಟೇ' ಎನ್ನುತ್ತಿದ್ದರು. ಮಾತನಾಡುವುದಕ್ಕೂ ಅರ್ಥವಾಗುವುದಕ್ಕೂ ಅವರ ಕನ್ನಡದಲ್ಲಿ ತಮಿಳೇ ನಡೆಯುತ್ತದೆ.

'ಆಚಾರ್ರೇ, ಪ್ಲಾನ್ ಐತಿ ಅಂತೀರಿ. ಎಲ್ಲೈತಿ ತೋರಸ್ರಿ' ಎಂದು ನಾನು ಕೆಣಕಿದರೆ, 'ನಿಮ್ಮ ಅಂಗಡೀಲಿ ಸ್ಟಾಕ್ ಎಲ್ಲ ಬೀದೀಲಿ ಇಡ್ತೀರಾ? ಒಳಗೆ ಇರುತ್ತಲ್ಲ, ಹಾಗೆ' ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದರು.

ಆ ಒಳಗಿನ ಸ್ಟಾಕು ಏನೆಂದು ಬಯಲಾದದ್ದು ಅವರ ಮನೆಯಲ್ಲೇ. ಡ್ರಾಫ್ಟಿನ ಹಿಂದಿನ ಸಂಜೆ ಅವರ ಮನೆಯ ಜಗಲಿಯಲ್ಲಿ ನಮ್ಮದೊಂದು ಆಟ ನಡೆಯುತ್ತದೆ. ಒಬ್ಬೊಬ್ಬರು ಒಂದೊಂದು ತಂಡದ ಮ್ಯಾನೇಜರರಾಗಿ, ಆ ಮ್ಯಾನೇಜರ್ ನಾಳೆ ಯಾರನ್ನು ಆರಿಸುತ್ತಾನೆಂದು ಊಹಿಸಬೇಕು. ತಮ್ಮ ಪಾತ್ರವೆಂದರೆ ಎಲ್ಲರಿಗೂ ಹೆದರಿಕೆ, ಯಾಕೆಂದರೆ ತಮ್ಮ ಆಯ್ಕೆ ಯಾರ ತರ್ಕಕ್ಕೂ ಸಿಕ್ಕದು. ಹೋದ ವರ್ಷ ಆ ಪಾತ್ರ ಆಚಾರ್ಯರ ಮಗಳು ಶ್ರೀಯಾಳ ಪಾಲಿಗೆ ಬಂತು. ಶೋಳಿಂಗನಲ್ಲೂರಿನಲ್ಲಿ ಕಂಪ್ಯೂಟರ್ ಕೆಲಸದ ಹುಡುಗಿ, ಆಗಷ್ಟೇ ಕ್ಯಾಬಿನಿಂದ ಇಳಿದು ಬಂದಿದ್ದಳು. ಚಪ್ಪಲಿ ಕಳಚುತ್ತಲೇ ಕೊಚ್ಚಿ ತಂಡ ಬಿಟ್ಟಿದ್ದ ಎಡಗಾಲಿನ ವಿಂಗರನ ಹೆಸರು ಹೇಳಿ ಒಳಗೆ ಊಟಕ್ಕೆ ಹೋದಳು. ನಾವು ನಕ್ಕೆವು. ಗೋಲಿನ ಮುಂದೆ ನಿಲ್ಲುವ ಡಿಫೆಂಡರುಗಳೇ ಇಲ್ಲದ ತಂಡ ಅಂಚಿನಿಂದ ದಾಳಿಗೆ ಓಡುವ ಇನ್ನೊಬ್ಬ ವಿಂಗರನನ್ನು ಯಾಕೆ ತೆಗೆದುಕೊಂಡೀತು? ಮರುದಿನ ತಾವು ವೇದಿಕೆ ಏರಿ, ಕವರು ಬಿಚ್ಚಿ, ಅದೇ ಹೆಸರನ್ನು ಓದಿದಿರಿ.

ಹೇಗೆ ಗೊತ್ತಾಯಿತೆಂದು ಕೇಳಿದ್ದಕ್ಕೆ ಶ್ರೀಯಾ ಅಂದದ್ದಿಷ್ಟು: 'ರೊಂಬ ಈಸಿ ಅಂಕಲ್. ಲಾಸ್ಟ್ ಸೀಸನ್ ನಮ್ ಮೇಲೆ ಯಾರು ಜಾಸ್ತಿ ಗೋಲ್ ಹಾಕಿದ್ನೋ, ಅವನೇ. ಎವ್ರಿ ಇಯರ್ ಅದೇ ತಾನೇ?'

ನಾನು ವ್ಯಾಪಾರಿ, ಒಂದು ಮಾತು ಕಿವಿಗೆ ಬಿದ್ದರೆ ಹಿಂದಿನದನ್ನೆಲ್ಲ ತಾಳೆ ನೋಡದೆ ಬಿಡುವ ಜಾತಿಯಲ್ಲ. ನೋಡಿದೆ. ಕೋಲ್ಕತ್ತಾದಿಂದ ತಂದ ಸ್ಟ್ರೈಕರ್? ಹಿಂದಿನ ವರ್ಷ ನಮ್ಮ ಮೇಲೆ ಹ್ಯಾಟ್ರಿಕ್ ಹೊಡೆದಿದ್ದ. ಅದಕ್ಕೂ ಮುಂಚೆ ಗೋವಾದಿಂದ ಕರೆತಂದವನು? ಎರಡೂ ಪಂದ್ಯದಲ್ಲಿ ನಮ್ಮನ್ನು ಅಳಿಸಿದವನು. ತಮ್ಮ ಮೊದಲ ಆಯ್ಕೆಗಳೆಲ್ಲ ನಮ್ಮನ್ನು ಹೊಡೆದವರೇ. ಬೇರೆಯವರ ಮೇಲೆ ಇವರು ಏನು ಮಾಡಿದ್ದರೆಂದೂ ಹುಡುಕಿದೆ. ಹೇಳಿಕೊಳ್ಳುವಂಥದ್ದು ಏನೂ ಸಿಗಲಿಲ್ಲ. ಸಾಹೇಬರೇ, ಅವರು ಮಹಾ ಆಟಗಾರರೇನೂ ಆಗಿರಲಿಲ್ಲ. ಅವರಿಗೆ ನಮ್ಮ ಡಿಫೆನ್ಸ್ ಸಿಕ್ಕಿತ್ತು, ಅಷ್ಟೇ! ಈಗ ಅವರನ್ನೆಲ್ಲ ನಮ್ಮ ಕಡೆಗೆ ಎಳೆದುಕೊಂಡಿದ್ದೀರಿ. ಪಾಪ, ಅವರು ಗೋಲು ಹೊಡೆಯುವುದಾದರೂ ಯಾರ ಮೇಲೆ? ಅವರಿಗೆ ಹೊಡೆಯಲು ಬರುತ್ತಿದ್ದ ಒಂದೇ ತಂಡದ ಅಂಗಿಯನ್ನು ಅವರ ಮೈಗೇ ತೊಡಿಸಿದ್ದೀರಲ್ಲ.

ಅಭಿಮಾನಿಗಳ ಸಭೆಯೆಂದು ನುಂಗಂಬಾಕ್ಕಂನ ಹೋಟೆಲಿಗೆ ತಾವು ನಮ್ಮನ್ನು ಕರೆದದ್ದು ನೆನಪಿರಬಹುದು. ಆಚಾರ್ಯರು ಎದ್ದು ನಿಂತು, ಬಹಳ ವಿನಯದಿಂದ, 'ಸರ್, ಗೋಲಿನ ಮುಂದೆ ಯಾರು ನಿಲ್ಲುತ್ತಾರೆ?' ಎಂದು ಕೇಳಿದರು. ತಾವು ಮೈಕು ಹಿಡಿದು, 'ನಮ್ಮನ್ನು ನೋಯಿಸಬಲ್ಲವನು ಯಾರನ್ನಾದರೂ ನೋಯಿಸಬಲ್ಲ' ಎಂದಿರಿ. ಚಪ್ಪಾಳೆ ಬಿತ್ತು. ಆಚಾರ್ಯರೂ ತಟ್ಟಿದರು. ನಾನು ಸಮೋಸ ತಿನ್ನುತ್ತಿದ್ದೆ, ಹಾಗಾಗಿ ಪಾರಾದೆ.

ಮಳೆಗಾಲದಲ್ಲಿ ವೇಲಚೇರಿ ಏನಾಗುತ್ತದೆಂದು ತಮಗೆ ಗೊತ್ತು. ನನ್ನ ಅಂಗಡಿಗೂ ನೀರು ನುಗ್ಗಿದೆ. ನೀರೆತ್ತುವ ಪಂಪು ಮಾರುವವನ ಅಂಗಡಿಯಲ್ಲೇ ಪಂಪುಗಳು ತೇಲಿದವು. ಬೀದಿಯವರು ಈಗಲೂ ಅದನ್ನು ಹೇಳಿ ನಗುತ್ತಾರೆ. ನೀರು ಇಳಿದ ಮೇಲೆ ಮೇಸ್ತ್ರಿಯನ್ನು ಕರೆಸಿ ಹೊಸ್ತಿಲು ಎತ್ತರಿಸಿದೆ. ನೀರಿನ ವೇಗವನ್ನು ಮೆಚ್ಚಿ, ಇಂಥ ವೇಗ ನಮ್ಮ ಅಂಗಡಿಗೂ ಬೇಕೆಂದು ಅದನ್ನು ಟ್ಯಾಂಕಿನಲ್ಲಿ ತುಂಬಿಸಿ ಇಡಲಿಲ್ಲ. ಇದರಲ್ಲಿ ಬುದ್ಧಿವಂತಿಕೆಯೇನೂ ಇಲ್ಲ. ಕಾಲು ಒದ್ದೆಯಾದ ಯಾರಿಗಾದರೂ ಹೊಳೆಯುವಂಥದ್ದು. ಸ್ಟೇಡಿಯಮ್ಮಿನಲ್ಲಿ ತಾವು ಕುಳಿತುಕೊಳ್ಳುವ ಗಾಜಿನ ಕೋಣೆ ಬಹಳ ಎತ್ತರದಲ್ಲಿದೆ.

ಇನ್ನು ದೇವಸಹಾಯಂ ವಿಷಯ. ವ್ಯಾಸರಪಾಡಿಯ ಮಣ್ಣಿನ ಮೈದಾನದಲ್ಲಿ ಬೆಳೆದವರು. ಲೀಗಿನಲ್ಲಿ ಅತಿ ಹೆಚ್ಚು ಗೋಲು ಬಿಟ್ಟ ಕೀಪರ್ ಎಂಬುದು ತಮ್ಮ ಕಾರಣ. ಒಪ್ಪಿದೆ, ಲೆಕ್ಕ ಸರಿಯಾಗಿದೆ. ಆದರೆ ಅರ್ಧವೇ ಬರೆದಿದ್ದೀರಿ. ಅತಿ ಹೆಚ್ಚು ಚೆಂಡು ತಡೆದವರೂ ಅವರೇ. ಮುಂದೆ ಡಿಫೆಂಡರುಗಳಿಲ್ಲದೆ, ಬಾಗಿಲೇ ಇಲ್ಲದ ಮನೆಯ ಕಾವಲುಗಾರನಂತೆ ಒಬ್ಬರೇ ನಿಂತವರ ಮೇಲೆ ಕಳವಿನ ಹೊಣೆ ಹೊರಿಸುವುದು ಯಾವ ನ್ಯಾಯ?

ಸೀಸನ್ನಿನ ಕೊನೆಯ ಪಂದ್ಯವನ್ನೂ ಸೋತೆವು. ಆಟಗಾರರೆಲ್ಲ ತಲೆ ತಗ್ಗಿಸಿ ಒಳಗೆ ಹೋದರು. ತಮ್ಮ ವಿಂಗರ್ ಓಡಿಯೇ ಹೋದ, ಪಂದ್ಯವಿಡೀ ನಾವು ಕಾಣದ ವೇಗದಲ್ಲಿ. ದೇವಸಹಾಯಂ ಮಾತ್ರ ಗ್ಲೌಸು ಕಳಚುತ್ತ ಪೂರ್ವ ಗ್ಯಾಲರಿಯ ಬೇಲಿಯ ತನಕ ನಡೆದು ಬಂದರು. ಆಚಾರ್ಯರನ್ನು ಗುರುತಿಸಿ, 'ಮನ್ನಿಚ್ಚುಡುಂಗ ಸಾರ್' ಎಂದರು. ಕ್ಷಮಿಸಿ ಎಂದು ಕೇಳುತ್ತಿದ್ದರು.

ಆಚಾರ್ಯರು ಬೇಲಿಯ ತಂತಿಯೊಳಗೆ ಬೆರಳು ತೂರಿಸಿ, 'ನೀ ಎನ್ನಪ್ಪಾ ಪಣ್ಣುವೆ? ಮುನ್ನಾಡಿ ಆಳೇ ಇಲ್ಲೈಯೇ!' ಎಂದರು. ನೀನೇನು ಮಾಡೀಯಪ್ಪಾ, ನಿನ್ನ ಮುಂದೆ ಆಳೇ ಇರಲಿಲ್ಲವಲ್ಲ, ಎಂದು. ದೇವಸಹಾಯಂ ಆ ಬೆರಳುಗಳನ್ನು ಹಿಡಿದು, 'ಅಡುತ್ತ ವರುಷಂ ಪಾಕ್ಕಲಾಂ ಸಾರ್' ಎಂದರು. ಮುಂದಿನ ವರ್ಷ ನೋಡೋಣ. ಆ ಮುಂದಿನ ವರ್ಷವನ್ನೇ ತಾವು ಪಟ್ಟಿಯಿಂದ ತೆಗೆದಿರುವುದು. ಮೂವತ್ತು ದಾಟಿದ ಕೀಪರ್. ಯಾವ ತಂಡವೂ ಆರಿಸದಿದ್ದರೆ ಅವರ ಆಟ ಅಲ್ಲಿಗೇ ಮುಗಿಯುತ್ತದೆ.

ಪಟ್ಟಿ ಹೊರಬಿದ್ದ ದಿನ ನಾನು ಆಚಾರ್ಯರ ಮನೆಗೆ ಹೋಗಿದ್ದೆ. ಜಗಳಕ್ಕೆ ತಯಾರಾಗಿಯೇ ಹೋದೆ. 'ಏನ್ರೀ ಆಚಾರ್ರೇ, ಇದೂ ಪ್ಲಾನೇನು?' ಎಂದೆ. ಅವರು ಫೋನನ್ನು ಮಗುಚಿಟ್ಟು, 'ಕಾಫಿ ಕುಡೀತೀರಾ?' ಎಂದರು. ಇಬ್ಬರೂ ಕುಡಿದೆವು. ತಮ್ಮ ಪರವಾಗಿ ಒಂದು ಮಾತೂ ಅವರ ಬಾಯಿಂದ ಬರಲಿಲ್ಲ. ಹೊರಡುವಾಗ ಗೇಟಿನ ತನಕ ಬಂದು, 'ಈ ವರ್ಷ ಟಿಕೆಟ್ ನನಗೆ ಸೇರಿಸಿ ತೆಗೀಬೇಡಿ' ಎಂದು ಮೆಲ್ಲಗೆ ಹೇಳಿದರು. ಸಾಹೇಬರೇ, ಬೈಯುವ ನನ್ನಂಥವನನ್ನು ಕಳೆದುಕೊಳ್ಳುವುದು ತಮಗೆ ಸಾಧ್ಯವಿಲ್ಲ, ನಾನು ಬಂದೇ ಬರುತ್ತೇನೆ. ಆದರೆ ತಮ್ಮನ್ನು ನಂಬಿದ್ದ ಒಬ್ಬರು ಆ ಗ್ಯಾಲರಿಯಲ್ಲಿದ್ದರು. ಪಕ್ಕದ ಕುರ್ಚಿ ಖಾಲಿಯಿರುವಾಗ ನಾನು ತಮ್ಮನ್ನು ಯಾರಿಗೆ ಹೇಳಿ ಬೈಯಲಿ?

ನ್ಯಾಯದ ಮಾತು ತಮಗೆ ನಾಟಲಿಕ್ಕಿಲ್ಲ. ಆದ್ದರಿಂದ ತಮ್ಮ ರೀತಿಯಲ್ಲೇ ವಾದಿಸುತ್ತೇನೆ. ದೇವಸಹಾಯಂ ಅವರನ್ನು ಬಿಟ್ಟರೆ ಕೊಚ್ಚಿಯವರು ತೆಗೆದುಕೊಳ್ಳಬಹುದು. ಅವರ ಕೀಪರನ ಮೊಣಕಾಲಿಗೆ ಪೆಟ್ಟಾಗಿದೆಯಂತೆ. ಅಲ್ಲಿ ದೇವಸಹಾಯಂ ಮುಂದೆ ನಿಜವಾದ ಡಿಫೆಂಡರುಗಳು ನಿಲ್ಲುತ್ತಾರೆ. ನಮ್ಮ ವಿರುದ್ಧ ಆಡುವ ದಿನ ಅವರು ಒಂದು ಚೆಂಡನ್ನೂ ಒಳಗೆ ಬಿಡುವುದಿಲ್ಲ. ತಮ್ಮ ವಿಂಗರ್ ಯಾವ ಕಡೆ ಒದೆಯುತ್ತಾನೆಂದು ಅಭ್ಯಾಸದಲ್ಲಿ ದಿನವೂ ನೋಡಿದವರು ಅವರು. ನಾವು ಸೋಲುತ್ತೇವೆ. ಕೊನೆಯ ಸ್ಥಾನ ಸಿಗುತ್ತದೆ. ಮೊದಲ ಆಯ್ಕೆಯ ಬ್ಯಾನರ್ ಏರುತ್ತದೆ. ತಾವು ವೇದಿಕೆ ಹತ್ತಿ ಕವರು ಬಿಚ್ಚುತ್ತೀರಿ. ಹಿಂದಿನ ವರ್ಷ ನಮ್ಮನ್ನು ಅತಿ ಹೆಚ್ಚು ನೋಯಿಸಿದವನ ಹೆಸರು ಅದರಲ್ಲಿರುತ್ತದೆ: ದೇವಸಹಾಯಂ.

ಹೇಗೂ ಅವರನ್ನೇ ಆರಿಸುವವರಿದ್ದೀರಿ. ನಡುವಿನ ಒಂದು ವರ್ಷದ ಸೋಲನ್ನು ನಮಗೆ ಮನ್ನಾ ಮಾಡಿ. ಶನಿವಾರ ಸಂಜೆಯೊಳಗೆ ಪಟ್ಟಿಗೆ ಆ ಹೆಸರು ಸೇರಿಸಿ. ಎರಡು ಟಿಕೆಟ್ ತೆಗೆಯಬೇಕೋ ಒಂದೋ ಎಂದು ನಾನು ಅಲ್ಲಿಯವರೆಗೆ ಕಾಯುತ್ತಿರುತ್ತೇನೆ.

ಇಂತಿ,
ಹೊಸ್ತಿಲು ಎತ್ತರಿಸಿಕೊಂಡ ಅಂಗಡಿಯಿಂದ, ಎತ್ತರಿಸದ ತಂಡವೊಂದರ ಅಭಿಮಾನಿ,
ಹಾಲಸಿದ್ದಪ್ಪ
ವೇಲಚೇರಿ, ಚೆನ್ನೈ