ಮೊದಲು ಕರೆದದ್ದು ಮೇಷ್ಟ್ರನ್ನು

ಮಾರ್ಚ್ 3, ಬೆಳಿಗ್ಗೆ 11

ಒಂಬತ್ತು ಫೋನ್ ಆಯಿತು. ಅದೇ ಪ್ರಶ್ನೆಗಳು – ಎಷ್ಟು ಮೆಟ್ಟಿಲು ಹತ್ತುತ್ತೀರಿ, ಎದೆ ಹಿಡಿಯುತ್ತದೆಯೇ, ನಿದ್ದೆ ಬರುತ್ತದೆಯೇ. ಒಬ್ಬರು ಸೊಸೆಯ ಮೇಲಿನ ದೂರನ್ನೆಲ್ಲ ಹೇಳಿ ಹಗುರಾದರು. ಫಾರಂನಲ್ಲಿ ಅದಕ್ಕೆ ಕಾಲಂ ಇಲ್ಲ.

ಹೊಸ ರೋಗಿಗೆ ಗಿಳಿಪಾಠ ಒಪ್ಪಿಸಿದೆ. ಇದು ಸಂಶೋಧನೆ. ರಕ್ತನಾಳ ಕಟ್ಟಿಕೊಂಡವರಲ್ಲಿ ಅರ್ಧ ಜನಕ್ಕೆ ಬೈಪಾಸ್ ಆಪರೇಷನ್, ಅರ್ಧ ಜನಕ್ಕೆ ಬರೀ ಮಾತ್ರೆ. ಯಾವುದು ಮೇಲು ಎಂದು ನಮಗೂ ಗೊತ್ತಿಲ್ಲ. ನಿಮ್ಮ ಸರದಿಯ ಲಕೋಟೆಯಲ್ಲಿ ಏನಿದೆಯೋ ಅದು. ಆತ ತಲೆಯಾಡಿಸಿದ. ಎಲ್ಲರೂ ಆಡಿಸುತ್ತಾರೆ.

ಹೊಸ ಲಕೋಟೆಗಳು ಬಂದಿವೆ. ಕಾಗದ ತೀರ ತೆಳು. ಕಿಟಕಿಯ ಬೆಳಕಿಗೆ ಹಿಡಿದರೆ ಒಳಗಿನ ಅಕ್ಷರ ಕಾಣುತ್ತದೆ. ದೊಡ್ಡ ಡಾಕ್ಟರಿಗೆ ಹೇಳಬೇಕು. ನಾಳೆ.

ಮಾರ್ಚ್ 8

ಅಣ್ಣನ ಆಂಜಿಯೋಗ್ರಾಂ ಆಯಿತು. ಎರಡು ಕಡೆ ಬ್ಲಾಕ್. ಮೂರು ತಿಂಗಳಿಂದ ಅಂಗಡಿ ಬೋರ್ಡು ಬರೆಯುವಾಗ ಏಣಿಯ ಮೇಲೇ ಎದೆ ಒತ್ತಿ ಹಿಡಿದುಕೊಳ್ಳುತ್ತಿದ್ದನಂತೆ. ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ, ಪುಣ್ಯಾತ್ಮ.

ಸಂಶೋಧನೆಗೆ ಹೇಳಿ ಮಾಡಿಸಿದ ಕೇಸು. ನನ್ನ ಒಡಹುಟ್ಟಿದವನು, ಲಕೋಟೆ ಬೇರೆಯವರು ತೆರೆಯಲಿ ಎಂದು ದೊಡ್ಡ ಡಾಕ್ಟರಿಗೆ ಹೇಳಿದೆ. "ಲಕೋಟೆಗೆ ನೆಂಟರಿಲ್ಲಮ್ಮ" ಎಂದು ನಕ್ಕರು. ಕಾಗದ ತೆಳು ಎಂದು ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಹೇಳಲಿಲ್ಲ. ಏಕೆ ಎಂದು ಈಗ ಕೇಳಿಕೊಳ್ಳುವುದಿಲ್ಲ.

ಅತ್ತಿಗೆ ಲಿಫ್ಟಿನ ಹತ್ತಿರ ಕಾಯುತ್ತಿದ್ದರು. "ಮಾತ್ರೆ ಕೊಟ್ಟು ಮನೆಗೆ ಕಳಿಸಿಬಿಟ್ರೆ ಏನು ಗತಿ? ಆಪರೇಷನ್ನೇ ಆಗ್ಲಿ. ನೀನು ಅಲ್ಲೇ ಇರ್ತೀಯಲ್ಲ." ಅಷ್ಟೇ ಅಂದರು.

ಮಾರ್ಚ್ 12, ಮಧ್ಯಾಹ್ನ 1

ಬೆಂಚಿನ ಮೇಲೆ ಇಬ್ಬರು. ಮೊದಲು ಬಂದವನು ಅಣ್ಣ. ಆಮೇಲೆ ಬಂದವರು ಒಬ್ಬ ನಿವೃತ್ತ ಮೇಷ್ಟ್ರು. ಲಕೋಟೆ 143 ಮತ್ತು 144.

ಕಿಟಕಿಗೆ ಹಿಡಿದು ನೋಡಿದೆ. 143 – ಮಾತ್ರೆ. 144 – ಆಪರೇಷನ್.

ಬಾಗಿಲು ತೆರೆದೆ. "ಮೇಷ್ಟ್ರೇ, ನೀವು ಮೊದಲು ಬನ್ನಿ" ಎಂದೆ. ಅಣ್ಣ ಕಾಲು ಹಿಂದಕ್ಕೆಳೆದುಕೊಂಡು ಅವರಿಗೆ ದಾರಿ ಬಿಟ್ಟ. ಹಿರಿಯರು, ಹೋಗಲಿ ಎಂದ.

ಏನನ್ನೂ ಹರಿಯಲಿಲ್ಲ. ತಿದ್ದಲಿಲ್ಲ. ಒಂದು ಸುಳ್ಳಕ್ಷರ ಬರೆಯಲಿಲ್ಲ. ಇಬ್ಬರನ್ನು ಹಿಂದುಮುಂದಾಗಿ ಕರೆದೆ, ಅಷ್ಟೇ. ಯಾವುದು ಮೇಲೋ ಗೊತ್ತಿಲ್ಲ ಎಂದು ನೂರ ನಲವತ್ತೆರಡು ಜನಕ್ಕೆ ಹೇಳಿದವಳು ನಾನು. ಅಣ್ಣನ ಸರದಿ ಬಂದಾಗ ಗೊತ್ತಾಯಿತು – ಆ ಮಾತನ್ನು ನಾನೇ ನಂಬಿರಲಿಲ್ಲ.

ಅತ್ತಿಗೆ ನನ್ನ ಕೈ ಹಿಡಿದುಕೊಂಡು ಅತ್ತರು. ಸಂತೋಷಕ್ಕೆ. ನನಗೂ ಸಂತೋಷವಾಯಿತು, ಇಲ್ಲವೆನ್ನಲೇಕೆ.

ಮಾರ್ಚ್ 13

ಲಕೋಟೆ ತೆಳು ಎಂದು ಇವತ್ತು ದೂರು ಕೊಟ್ಟೆ. ಒಳಗೆ ಕಪ್ಪು ಕಾಗದ ಸೇರಿಸುತ್ತಾರಂತೆ. ದೊಡ್ಡ ಡಾಕ್ಟರು ಎಲ್ಲರ ಮುಂದೆ ನನ್ನನ್ನು ಹೊಗಳಿದರು. ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಮಾರ್ಚ್ 21

ಆಪರೇಷನ್ ಚೆನ್ನಾಗಿ ಆಯಿತು. ಹೊಸ ನಾಳಗಳಲ್ಲಿ ರಕ್ತ ಚೆನ್ನಾಗಿ ಹರಿಯುತ್ತಿದೆ. ಬಿ.ಪಿ. ಚೆನ್ನಾಗಿದೆ. ಎಚ್ಚರವಾದ ಮೇಲೆ ಬಲಗೈ ಎತ್ತಿ ಎಂದರು.

ಎತ್ತಲಿಲ್ಲ.

ಮಾರ್ಚ್ 22

ಸ್ಟ್ರೋಕ್. ಈ ಆಪರೇಷನ್ನಿನಲ್ಲಿ ನೂರಕ್ಕೆ ಒಬ್ಬರಿಗೋ ಇಬ್ಬರಿಗೋ ಆಗುತ್ತದೆ. ಒಪ್ಪಿಗೆ ಪತ್ರದ ನಾಲ್ಕನೇ ಸಾಲು. ಅಣ್ಣನಿಗೆ ಅದನ್ನು ಓದಿ ಹೇಳಿದವಳು ನಾನೇ. ಬೇಗ ಬೇಗ ಓದಿದ್ದೆ.

ಜೂನ್ 14, ಬೆಳಿಗ್ಗೆ 10

ಮೂರು ತಿಂಗಳ ಫೋನ್. 143 – ಮೇಷ್ಟ್ರು. ಎರಡು ಮಹಡಿ ಹತ್ತುತ್ತಾರೆ. ಎದೆನೋವು ಇಲ್ಲ. ಮೊಮ್ಮಗಳ ಜೊತೆ ಶಟಲ್ ಆಡುತ್ತಾರೆ, ಸೋತರೆ ಮಾತು ಬಿಡುತ್ತಾಳಂತೆ. "ನಿನ್ನ ಕೈಗುಣ ಕಣಮ್ಮ" ಎಂದರು. ಆ ಮಾತು ಮುಳ್ಳಿನ ಹಾಗೆ...

ಆಮೇಲೆ 144. ಅತ್ತಿಗೆ ಎತ್ತಿದರು. ಸ್ವಂತ ಅಣ್ಣನ ಮನೆಯಾದರೂ ಫಾರಂನಲ್ಲಿ ಇದ್ದಂತೆಯೇ ಓದಬೇಕು. ಮೆಟ್ಟಿಲು? ಹೊಸಿಲು ದಾಟಲೂ ಹಿಡಿದುಕೊಳ್ಳಬೇಕು ಎಂದರು. ಬರೆದುಕೊಂಡೆ – ಸೊನ್ನೆ.

ಫೋನ್ ಇಡುವ ಮೊದಲು ಅತ್ತಿಗೆ, "ಅವತ್ತು ನೀನೇನಾದ್ರೂ..." ಎಂದು ನಿಲ್ಲಿಸಿದರು. ಪೂರ್ತಿ ಕೇಳಿದರೆ ಅವರೂ ಇದರೊಳಗೆ ಸಿಕ್ಕಿಹಾಕಿಕೊಳ್ಳುತ್ತಾರೆ. ಅದು ಅವರಿಗೂ ಗೊತ್ತು. ಕುಕ್ಕರ್ ಕೂಗುತ್ತಿದೆ ಎಂದು ಇಟ್ಟುಬಿಟ್ಟರು. ಕೂಗಿದ್ದು ನನಗೆ ಕೇಳಿಸಲಿಲ್ಲ.

ಸೆಪ್ಟೆಂಬರ್ 30

ಹೊರಗಿನಿಂದ ತಪಾಸಣೆಗೆ ಬಂದಿದ್ದರು. ಮೂರು ದಿನ ಒಂದೊಂದು ಲಕೋಟೆ, ಒಂದೊಂದು ಸಹಿ ನೋಡಿದರು. ಸಿಕ್ಕಿಬಿದ್ದರೆ ಸಾಕಪ್ಪ ಎಂದು ಕಾದೆ. 143, 144ನ್ನು ಕೈಯಲ್ಲಿ ಹಿಡಿದು ನೋಡಿ ಕೆಳಗಿಟ್ಟರು. ಬೆಂಚಿನ ಮೇಲೆ ಯಾರು ಮೊದಲು ಕೂತಿದ್ದರು ಎಂಬುದಕ್ಕೆ ರಿಜಿಸ್ಟರ್ ಇಲ್ಲ. ನನ್ನಷ್ಟು ಅಚ್ಚುಕಟ್ಟಾಗಿ ದಾಖಲೆ ಇಟ್ಟವರನ್ನು ಅವರು ನೋಡಿಲ್ಲವಂತೆ.

ಹೇಳಿಯೇ ಬಿಡುತ್ತೇನೆಂದು ದೊಡ್ಡ ಡಾಕ್ಟರ ಕೋಣೆಗೆ ಹೋದೆ. ಕನ್ನಡಕ ಹಣೆಗೇರಿಸಿಕೊಂಡು, ಇನ್ನು ಇಪ್ಪತ್ತು ಜನ ಸೇರಿದರೆ ಮುಗಿಯಿತು, ಎಂಟು ವರ್ಷದ ಕೆಲಸ ಎಂದರು. ನಾನು ಬಾಯಿ ಬಿಟ್ಟರೆ, ಒಂದು ಲಕೋಟೆ ಇಣುಕಿ ನೋಡಿದವಳು ಎಲ್ಲವನ್ನೂ ನೋಡಿರಬಹುದು ಎನ್ನುತ್ತಾರೆ. ಎನ್ನಬೇಕಾದ್ದೇ. ಅಷ್ಟೂ ಜನರ ಎದೆ ಬಗೆದದ್ದು, ಅಷ್ಟೂ ಜನ ನುಂಗಿದ ಮಾತ್ರೆ ನೀರುಪಾಲು. ಅವರೂ ನಂಬಿ ಬಂದವರು.

ರಜೆ ಅರ್ಜಿಗೆ ಸಹಿ ಹಾಕಿಸಿಕೊಂಡು ವಾಪಸು ಬಂದೆ.

ಡಿಸೆಂಬರ್ 2

ಮೇಷ್ಟ್ರಿಗೆ ಏನಾದರೂ ಆಗಿದ್ದರೆ ನಾನು ಹೀಗೆ ಒದ್ದಾಡುತ್ತಿದ್ದೆನೇ? ಅಣ್ಣ ಏಣಿ ಹತ್ತುತ್ತಿದ್ದರೆ ಈ ಡೈರಿಯನ್ನು ಯಾವಾಗಲೋ ಹರಿದು ಹಾಕಿರುತ್ತಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ನಿಜ ಮಾತ್ರ ಇದೇ.

ಮಾರ್ಚ್ 12, ಸಂಜೆ 6

ಒಂದು ವರ್ಷದ ಫಾರಂ. ಎದುರಿಗೆ ಕೂತು ತುಂಬಬೇಕು. ಅಣ್ಣನ ಮನೆಗೆ ಹೋದೆ. ಅತ್ತಿಗೆ ಔಷಧಿ ಅಂಗಡಿಗೆ ಹೋಗಿದ್ದರು. ಎಡಗೈಯಲ್ಲಿ ಅಕ್ಷರ ತಿದ್ದುತ್ತಿದ್ದ. ವಕ್ರ ವಕ್ರ. ಗಿರಾಕಿ ಓಡಿಸಲು ಸಾಕು ಎಂದು ತಾನೇ ನಕ್ಕ.

ಕೊನೆಯ ಪ್ರಶ್ನೆ ಓದಿದೆ: ಇನ್ನೊಮ್ಮೆ ಅವಕಾಶ ಸಿಕ್ಕರೆ ಇದೇ ಚಿಕಿತ್ಸೆಯನ್ನು ಆರಿಸಿಕೊಳ್ಳುತ್ತೀರಾ?

"ಆರಿಸ್ಕೊಳ್ಳೋದು ಎಲ್ಲಿ ಬಂತು? ಲಕೋಟೆಯಲ್ಲಿ ಹಾಗೇ ಇತ್ತು. ಯಾರನ್ನೂ ಬೈಯೋ ಹಾಗಿಲ್ಲ. ನನಗಿರೋ ನೆಮ್ಮದಿ ಅದೊಂದೇ. ಹಾಗೇ ಬರ್ಕೋ."

ಹಾಗೇ ಬರೆದುಕೊಂಡೆ. ಪೆನ್ನಿಗೆ ಕ್ಯಾಪ್ ಹಾಕಿದೆ. ಫಾರಂ ಬ್ಯಾಗಿಗೆ ಸೇರಿಸಿದೆ. ಎದ್ದೆ.

ಮತ್ತೆ ಕೂತೆ. ಹೇಳಿಬಿಟ್ಟೆ. ಕಿಟಕಿ, ಬೆಂಚು, ಮೇಷ್ಟ್ರು – ಎಲ್ಲ. ಒಂದು ಫೋನಿಗೆ ಹಿಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಹೇಳುತ್ತಿದ್ದಂತೆಯೇ ತಿಳಿಯಿತು, ಇದ್ದೊಂದು ನೆಮ್ಮದಿಯನ್ನೂ ಕಿತ್ತುಕೊಂಡೆ ಎಂದು.

ಎಡಗೈಯಿಂದ ಬಲಗೈಯ ಬೆರಳು ಒಂದೊಂದನ್ನೇ ಬಿಡಿಸುತ್ತ ಕೂತಿದ್ದ. ನನ್ನ ಮುಖ ನೋಡಲಿಲ್ಲ.

"ಫಾರಂ ತೆಗಿ" ಎಂದ. ತೆಗೆದೆ.

"ಬರೆದದ್ದು ಹೊಡೆದು ಹಾಕು." ಹೊಡೆದು ಹಾಕಿದೆ.

"ಆ ಪ್ರಶ್ನೆ ಇನ್ನೊಂದ್ಸಲ ಓದು."

ಓದಿದೆ. ಅಣ್ಣ, "ಆರಿಸಿದ್ದು ನೀನು. ಉತ್ತರಾನೂ ನೀನೇ ಬರ್ಕೋ" ಎಂದ.